ಬೇಸಿಗೆಯಲ್ಲಿ ನೀರು ಬೇಡದ ಗಿಡ

ಸಂಗಮನಾಥರಿಗೆ ಒಂದು ಹೂವಿನ ಹುಚ್ಚಿತ್ತು. ಅದು ಅರಳಿದ್ದನ್ನು ಅವರು ಒಮ್ಮೆಯೂ ನೋಡಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ.

ಭಾಲ್ಕಿಯ ಒಂಟಿ ಮನುಷ್ಯ, ಬ್ಯಾಂಕಿನ ಗುಮಾಸ್ತ. ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದು ನಮ್ಮ ಎದುರು ಮನೆ ಹಿಡಿದರು. ನಮ್ಮದು ಆಳಂದ. ಮರಾಠಿ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಒಬ್ಬರ ಮನೆಯ ಬೀಗದಕೈ ಇನ್ನೊಬ್ಬರ ಮೊಳೆಗೆ ಬಂದು ತೂಗುತ್ತದೆ. ಅವರ ಬೀಗದಕೈ ನಮ್ಮ ಮನೆಯಲ್ಲಿ ತೂಗಿದ್ದೇ ತಪ್ಪಾಯಿತು.

ಮೊದಲು ಅವರು ನಾಸಿಕ ಜಿಲ್ಲೆಯ ಸಟಾಣಾದಲ್ಲಿದ್ದರು. ಭಾನುವಾರ ಬೆಟ್ಟ ಹತ್ತುವುದು ರೂಢಿ. ಒಂದು ದೀಪಾವಳಿಯ ನಂತರ ಬಂಡೆಯ ಬಿರುಕಿನಲ್ಲಿ ಹೂವೆಲ್ಲ ಒಣಗಿದ ಗಿಡವೊಂದು ಕಂಡಿತು. ಸೇವಂತಿಗೆಯ ಕುಲದ್ದು ಎಂಬುದಷ್ಟೇ ತಿಳಿಯಿತು. ಮಳೆಗಾಲದಲ್ಲಿ ಆ ಬೆಟ್ಟಗಳನ್ನು ಹಳದಿ ಮಾಡುವ ಸೋನಕಿಯೂ ಅದೇ ಕುಲದ್ದೇ, ಆದರೆ ಅದು ಬೀಜ ಬಿಟ್ಟು ವರ್ಷದೊಳಗೇ ಸಾಯುತ್ತದೆ. ಇದಕ್ಕೆ ಕೆಳಗೆ ಹೆಬ್ಬೆರಳು ದಪ್ಪದ ಬೇರಿತ್ತು. ವರ್ಷ ವರ್ಷವೂ ಅಲ್ಲೇ ಚಿಗುರುವ ಗಿಡ.

ಮರುವರ್ಷ ಹೋದಾಗ ಆ ಬಂಡೆಯನ್ನೇ ಒಡೆದು ಫೋಟೋ ತೆಗೆಸಿಕೊಳ್ಳಲು ಕಟ್ಟೆ ಕಟ್ಟಿದ್ದರು. ಎಷ್ಟೋ ದಿನಗಳ ಮೇಲೆ ನಾನೂ ಒಮ್ಮೆ ಅವರ ಜೊತೆ ಹೋಗಿ ಆ ಕಟ್ಟೆ ನೋಡಿದ್ದೇನೆ. ಚಿಪ್ಸಿನ ಪೊಟ್ಟಣ, ಒಡೆದ ಬಾಟಲಿ, ಯಾವುದೋ ಮಗುವಿನ ಮಲ ಮೆತ್ತಿದ ಡೈಪರು. ಹೇಸಿಗೆಯಾಗಿ ಮೂಗು ಮುಚ್ಚಿಕೊಂಡು ಇಳಿದಿದ್ದೆ. ಆ ಮರುವರ್ಷವೇ ಒಡೆದ ಕಲ್ಲುಗಳ ನಡುವೆ ಕೈಹಾಕಿ ಸಂಗಮನಾಥರು ಹುಡುಕಿ ತಂದಿದ್ದು ಒಂದೇ ಬೇರು. ಬೇರೆಲ್ಲೂ ಆ ಗಿಡ ಅವರಿಗೆ ಸಿಗಲಿಲ್ಲ.

ಅದನ್ನು ಕುಂಡದಲ್ಲಿ ನೆಟ್ಟರು, ಗೊಬ್ಬರ ಹಾಕಲಿಲ್ಲ. ಕರಿಕಲ್ಲಿನ ಚೂರು, ಮರಳು, ಒಂದು ಹಿಡಿ ಮಣ್ಣು, ಅಷ್ಟೇ. ಮಳೆಗಾಲದಲ್ಲಿ ಎಲೆ ಬಂತು, ಚಳಿಗೆ ಒಣಗಿತು. ಬೇಸಿಗೆಯಲ್ಲಿ ನೋಡಿದರೆ ಖಾಲಿ ಕುಂಡ. ಮತ್ತೆ ಜೂನಿನಲ್ಲಿ ಚಿಗುರು. ಎರಡು ವರ್ಷ ಬರೀ ಎಲೆ. ಬಾಲ್ಕನಿಯ ಮೂಲೆಯಲ್ಲಿ ಅದನ್ನೇ ಭೂತಗನ್ನಡಿಯಲ್ಲಿ ನೋಡುತ್ತ ಕೂಡುತ್ತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮಧುರಾ ಮೇಡಂ ಎಲೆ ನೋಡಿ, ಇಷ್ಟರಿಂದ ಹೆಸರು ಹೇಳಲಾಗದು, ಹೂವು ಮತ್ತು ಅದರ ಕೆಳಗಿನ ಹಸಿರು ಬಟ್ಟಲು ಬೇಕು ಎಂದಿದ್ದರು. ಬೇರು ಬಲಿತಿದೆ, ಬರುವ ಮಳೆಗಾಲ ಖಂಡಿತ ಅರಳುತ್ತದೆ ಎಂದೂ ಹೇಳಿದ್ದರು.

ಮೇ ತಿಂಗಳಲ್ಲಿ ತಮ್ಮನ ಮಗಳ ಮದುವೆಗೆಂದು ಸಂಗಮನಾಥರು ಭಾಲ್ಕಿಗೆ ಹೊರಟರು. ಬೀಗದಕೈ ಕೊಡುತ್ತ ನನ್ನ ಹೆಂಡತಿ ಜಯಮಾಲಾಳಿಗೆ ಕೈಮುಗಿದರು.

"ಅಕ್ಕಾರೆ, ಉಳಿದ ಗಿಡಕ್ಕ ನೀರು ಹಾಕ್ರಿ. ಗ್ಯಾಲರಿ ಮೂಲ್ಯಾಗಿನ ಕುಂಡಕ್ಕ ಮಾತ್ರ ಬ್ಯಾಡ್ರಿ. ಬ್ಯಾಸಿಗ್ಯಾಗ ಅದು ಮಲಗಿರ್ತದ. ನೀರು ಬಿದ್ರ ಬೇರು ಕೊಳೀತದ."

ನಮ್ಮ ಮನೆಯಲ್ಲಿ ದಿನಾ ಲಿಂಗಕ್ಕೆ ಅಭಿಷೇಕ, ಸೋಮವಾರ ಹಾಲು, ಮೊಸರು, ಜೇನುತುಪ್ಪ. ಆ ನೀರು ಮೋರಿಗೆ ಹೋಗಬಾರದು, ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ಜಯಮಾಲಾ ಮೂರು ಮಹಡಿ ಇಳಿದು ಕಾಂಪೌಂಡಿನ ಬೇವಿಗೆ ಹಾಕಿ ಬರುತ್ತಿದ್ದಳು. ಅವಳಿಗೆ ಮೊಣಕಾಲು ನೋವು. ಎದುರು ಮನೆಯ ಬೀಗದಕೈ ಬಂದ ಮರುದಿನವೇ ತಂಬಿಗೆ ಹಿಡಿದು ಅಲ್ಲಿಗೆ ನಡೆದಳು. ಉಳಿದ ಕುಂಡಗಳಲ್ಲಿ ಗಿಡ ತುಂಬಿತ್ತು. ಖಾಲಿ ಕಂಡದ್ದು ಮೂಲೆಯದು, ಅದಕ್ಕೇ ಸುರಿದಳು.

ನಾನು ಅವರ ಬಾಗಿಲಲ್ಲಿ ನಿಂತು ನೋಡಿದೆ. "ಅದಕ್ಕ ಬ್ಯಾಡ ಅಂದಾರಲ್ಲ," ಎಂದೆ.

"ಅವರು ನೀರು ಬ್ಯಾಡ ಅಂದಾರ. ಇದು ತೀರ್ಥರಿ. ತೀರ್ಥ ಬಿದ್ರ ಗಿಡ ಸಾಯ್ತದೇನ್ರಿ?"

ನಾನು ಮನೆಗೆ ಬಂದು ಪೇಪರು ಬಿಡಿಸಿಕೊಂಡು ಕೂತೆ. ಚಹಾ ಆರುತ್ತಿತ್ತು.

ಇಪ್ಪತ್ತು ದಿನ ಇದೇ ನಡೆಯಿತು. ಮೂರನೆಯ ಸೋಮವಾರದ ಹೊತ್ತಿಗೆ ಗ್ಯಾಲರಿಯಿಂದ ಹುಳಿ ನಾತ ಬರುತ್ತಿತ್ತು. ಹೋಗಿ ನೋಡಿದರೆ ಕುಂಡದ ಮೇಲೆ ಹಾಲಿನ ಬಿಳಿ ಹೆಪ್ಪು, ಅದರ ತುಂಬ ಇರುವೆ, ನೊಣ. ನಾನು ಗ್ಯಾಲರಿ ಕಡೆಯ ಕಿಟಕಿ ಮುಚ್ಚಿ ಬಂದೆ.

ಊರಿಂದ ಬಂದ ಸಂಗಮನಾಥರು ಚೀಲ ಕೂಡ ಇಳಿಸದೆ ಕುಂಡದ ಮುಂದೆ ಕೂತರು. ಬೆರಳು ಹಾಕಿ ಬೇರು ಎತ್ತಿದರು. ಅದು ಕೈಯಲ್ಲೇ ಕಪ್ಪು ಲೋಳೆಯಾಗಿ ಇಳಿಯಿತು. ಮೂಸಿ ನೋಡಿದರು, ಹಾಲು ಮೊಸರಿನ ನಾತ. ಬೀಗದಕೈ ಕೊಡಲು ಬಂದಿದ್ದ ನನ್ನ ಕಡೆ ತಿರುಗಿದರು.

"ಶಿವಕಾಂತ್ರೆ, ಅಕ್ಕಾರಿಗೆ ತಿಳೀಲಿಲ್ಲ, ಬಿಡ್ರಿ. ನೀವರೆ ನೋಡಲಿಲ್ಲೇನ್ರಿ?"

"ಇಲ್ಲರಿ," ಎಂದೆ. "ನಾ ಈ ಕಡೆ ಬಂದೇ ಇಲ್ಲ."

ಅವರು ತಲೆಯಾಡಿಸಿದರು. ನಂಬಿದರು.

ಮರುದಿನ ಬಾಗಿಲು ತೆಗೆದರೆ ನಮ್ಮ ಹೊಸ್ತಿಲ ಪಕ್ಕದಲ್ಲಿ ಅದೇ ಕುಂಡ. ತೊಳೆದು, ಹೊಸ ಮಣ್ಣು ತುಂಬಿ, ನಡುವೆ ಒಂದು ಬಿಲ್ವದ ಸಸಿ ನೆಟ್ಟಿದ್ದರು.

"ಇನ್ಮ್ಯಾಲೆ ತೀರ್ಥ ಇದಕ್ಕ ಹಾಕ್ರಿ, ಅಕ್ಕಾರೆ. ಮೊಣಕಾಲು ನೋವು ಅಂತೀರಿ, ಮೆಟ್ಟಿಲು ಇಳಿಯೋದು ಬ್ಯಾಡ," ಎಂದು ಆಫೀಸಿಗೆ ಹೋದರು.

ಜಯಮಾಲಾಳಿಗೆ ಬಹಳ ಸಂತೋಷ. ಎಂಥ ದೇವರಂಥ ಮನುಷ್ಯ ಎಂದು ದಿನಾ ಹೇಳುತ್ತಾಳೆ. ಬಿಲ್ವ ಚೆನ್ನಾಗಿ ಬೆಳೆದಿದೆ. ಹೋಗುವಾಗ ಬರುವಾಗ ಅದರ ಎಲೆ ನನ್ನ ತೋಳಿಗೆ ತಾಗುತ್ತದೆ, ತಾಗಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.