ರೇಡಿಯೇಟರಿಗೆ ರಾಗಿ ಹಿಟ್ಟು

ಅಕ್ಕನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬೆಳಿಗ್ಗೆ ಅಮ್ಮ ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತಂದು ಜೀಪಿನ ಹಿಂದಿನ ಸೀಟಿಗೆ ಒಟ್ಟಿದಳು. ನನಗೆ ಕೂರಲು ಜಾಗವೇ ಉಳಿಯಲಿಲ್ಲ. "ಹೋಗುವಾಗ ನೀನು ಹೆಂಗಾದ್ರೂ ಕೂತ್ಕೋ ಕಣಮ್ಮ. ಬರುವಾಗ ಅವಳು ಅಲುಗ್ದಂಗೆ ಬರ್ಬೇಕು," ಎಂದಳು.

ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಒಂದನ್ನು ಅಪ್ಪ ಬೆಂಗಳೂರಿನಿಂದ ತಂದಿದ್ದರು. ಸ್ಟಿಯರಿಂಗ್ ಎಡಗಡೆ, ಬಾಗಿಲಿಲ್ಲ, ಮೇಲೆ ಹರಿದ ಕ್ಯಾನ್ವಾಸು. ಅಪ್ಪನದು ಕಡಲೆಕಾಯಿ ವ್ಯಾಪಾರ. ಬೇರೆ ವ್ಯಾಪಾರಿಗಳ ಎತ್ತಿನ ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಅಪ್ಪ ಹಳ್ಳದ ಮರಳು, ಹೊಲದ ಬದು ಎಲ್ಲವನ್ನೂ ಜೀಪಿನಲ್ಲಿ ದಾಟಿ ರೈತರ ಕಣ ಸೇರಿಬಿಡುತ್ತಿದ್ದರು. ಜನರ ಮುಂದೆ ಮೆರೆಸಲು ಅವರಿಗೆ ಇದ್ದದ್ದು ಆ ಜೀಪು, ಮತ್ತು ನನ್ನ ಇಂಗ್ಲಿಷ್. ನಾನು ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದು ಮುಗಿಸಿ ಆಗತಾನೇ ಮನೆಗೆ ಬಂದಿದ್ದೆ. ಬೀಗರ ಮನೆಗೆ ಹೋದಾಗೆಲ್ಲ ಅಪ್ಪ, "ಒಂದೆರಡು ಮಾತು ಇಂಗ್ಲಿಷ್‌ನಾಗೆ ಆಡಮ್ಮ," ಎನ್ನುವರು. ನಾನು ಏನೋ ಒಂದು ಪೊಯೆಮ್ ಒಪ್ಪಿಸುತ್ತಿದ್ದೆ. ಬೀಗರು ತಲೆದೂಗುವರು. ಅರ್ಥ ಯಾರಿಗೂ ಬೇಕಿರಲಿಲ್ಲ.

ಅಕ್ಕನ ಅತ್ತೆಗೆ ಮಾತ್ರ ಜೀಪೂ ಹಿಡಿಸದು, ಇಂಗ್ಲಿಷೂ ಹಿಡಿಸದು. ಸೊಸೆಯನ್ನು ಆ ಗಾಡಿಯಲ್ಲಿ ಕಳಿಸಲು ಆಕೆ ಒಪ್ಪಿರಲಿಲ್ಲ. ಎತ್ತಿನ ಗಾಡಿಯಲ್ಲಾದರೆ ಅಷ್ಟು ದೂರ ಹೇಗೆಂದು ಅಪ್ಪ ವಾದಿಸಿ ವಾದಿಸಿ ಒಪ್ಪಿಸಿದ್ದರು. ಸೀಮಂತದ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹೇಳಿದ್ದಳು: "ಹೆಂಗಾದ್ರೂ ಕರ್ಕೊಂಡು ಹೋಗ್ಬುಡ್ರೇ. ಇಲ್ಲಿ ಇನ್ನೊಂದು ತುತ್ತು ಕೇಳೋಕೂ ನಾಚ್ಕೆ ಆಯ್ತದೆ. ನಾನು ಅಮ್ಮನ ಹತ್ರ ಹೆರ್ಬೇಕು."

ಅಪ್ಪ, ನಾನು, ಡ್ರೈವರ್ ಮೂವರೂ ರೊದ್ದಂ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಜೀಪಿನ ಮೂತಿಯಿಂದ ಹಬೆ ಎದ್ದಿತು. ಡ್ರೈವರ್ ಇಳಿದು ಬಗ್ಗಿ ನೋಡಿದ. ಅಪ್ಪನಿಗಿಂತ ಹಿರಿಯ ಆತ. ಪ್ರತಿ ರಜೆಯ ಕೊನೆಗೆ ನನ್ನ ಟ್ರಂಕನ್ನು ರೈಲಿಗೆ ಏರಿಸುತ್ತಿದ್ದವನೂ ಆತನೇ. ರೇಡಿಯೇಟರಿನ ಕೆಳಗಿನ ಬೆಸುಗೆ ಬಿಟ್ಟು ನೀರು ಸೋರುತ್ತಿತ್ತು.

"ನೀರು ಉಯ್ಕೊಂಡು ಉಯ್ಕೊಂಡು ಮೆಲ್ಲಗೆ ಹೋಗಾಣ ಸಾವ್ಕಾರ್ರೇ. ಕಲ್ಯಾಣದುರ್ಗದಾಗೆ ಫಿಟ್ಟರ್ ಅವ್ನೆ."

"ಬೀಗರ ಬಾಗ್ಲಿಗೆ ಸೋರ್ತಾ ಹೋಗದಾ? ಬಸ್ಸಿನೋರು ಅರಿಶಿನ ಹಾಕಿ ಸೋರೋದು ನಿಲ್ಲಿಸ್ತಾರಲ್ಲ."

"ಅದು ಚಿಟಿಕೆ ಹಾಕ್ತಾರೆ. ಈಗ ಅರಿಶಿನ ಎಲ್ಲಿ ತರಾಣ?"

ರಸ್ತೆ ಪಕ್ಕದ ಗುಡಿಸಲಿನಲ್ಲಿ ಒಬ್ಬಾಕೆ ರಾಗಿ ಬೀಸುತ್ತಿದ್ದಳು. ಅಪ್ಪನ ಮುಖ ಅರಳಿತು. "ಅರಿಶಿನ ಹಿಡಿಯೋದಾದ್ರೆ ರಾಗಿ ಹಿಡಿಯಲ್ವೇನಯ್ಯಾ? ರಾಗಿ ಅಂಟ್ಕೊಂಡ್ರೆ ಹೆಂಗಿರ್ತದೆ ಅಂತ ಪಾತ್ರೆ ಉಜ್ಜೋಳ್ನ ಕೇಳು!"

"ಬ್ಯಾಡಿ ಸಾವ್ಕಾರ್ರೇ. ಒಳಗೆ ಬೇಯ್ತದೆ."

ಅಪ್ಪ ಕೇಳಲಿಲ್ಲ. ಆ ಹೆಂಗಸು ಬೀಸುಗಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಮೊರಕ್ಕೆ ಬಳಿದು ಕೊಟ್ಟಳು. ಅಪ್ಪ ಅಂಗಿಯ ತೋಳು ಮಡಚಿ, ಮೊದಲು ಒಂದು ಹಿಡಿ, ಸೋರುವುದು ನಿಲ್ಲದಿದ್ದಾಗ ಮತ್ತೊಂದು, ಆಮೇಲೆ ಮೊರವನ್ನೇ ಬಗ್ಗಿಸಿದರು. ನೀರು ನಿಂತಿತು! ನಾನೂ ಚಪ್ಪಾಳೆ ತಟ್ಟಿದೆ. ಅಪ್ಪ ಕೈಗಂಟಿದ ಹಿಟ್ಟನ್ನು ಒರೆಸಿಕೊಳ್ಳದೆ ಡ್ರೈವರನಿಗೆ ತೋರಿಸಿದರು.

ಕಲ್ಯಾಣದುರ್ಗದ ಬೀಗರ ಬೀದಿ ಸ್ವಲ್ಪ ಏರು. ಅವರ ಮನೆಯ ಮುಂದೆ ನಿಲ್ಲಿಸುವಷ್ಟರಲ್ಲಿ ಜೀಪು ಒಳಗೊಳಗೇ ಗೊರಗೊರ ಎನ್ನುತ್ತಿತ್ತು. ಅಕ್ಕ ಬಾಗಿಲಿಗೆ ಬಂದು ನಿಂತಳು. ಅತ್ತೆ ಆರತಿ ತಟ್ಟೆ ಹಿಡಿದು ಹೊಸ್ತಿಲು ದಾಟಿದರು. ಅಷ್ಟರಲ್ಲಿ ರೇಡಿಯೇಟರಿನ ಮುಚ್ಚಳ ಹಾರಿತು. ಕುದಿಯುವ ಅಂಬಲಿ ಆಳೆತ್ತರ ಚಿಮ್ಮಿ, ರಂಗೋಲಿಯ ಮೇಲೆ, ಜಗಲಿಯ ಮೇಲೆ, ಅತ್ತೆಯ ಸೆರಗಿನ ಅಂಚಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಎಲ್ಲಿದ್ದವೋ ಕೋಳಿಗಳು, ಓಡಿ ಬಂದವು.

ಬೀದಿಗೆ ಬೀದಿಯೇ ನಕ್ಕಿತು. ಅಕ್ಕನ ಮಾವ ನಗು ತಡೆಯಲಾರದೆ, "ಏನ್ ಬೀಗ್ರೇ, ನಮ್ಮನೇಲಿ ಅಂಬ್ಲಿ ಸಿಕ್ಕಲ್ಲ ಅಂತ ದಾರೀಲೇ ಕಾಯಿಸ್ಕೊಂಡು ಬಂದ್ಬುಟ್ರಾ?" ಎಂದರು.

ಅತ್ತೆ ನಗಲಿಲ್ಲ. ಸೆರಗಿನಿಂದ ಒಂದು ಗಂಟನ್ನು ಎರಡು ಬೆರಳಲ್ಲಿ ತೆಗೆದು ನೋಡಿದರು. "ರಾಗಿ. ಗಾಡಿ ಒಳಿಕ್ಕೆ ರಾಗಿ ಹಾಕಿದ ಪುಣ್ಯಾತ್ಮ ಯಾರು?"

ಅಪ್ಪನ ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಇತ್ತು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಈ ಡ್ರೈವರ್ ಕಣಮ್ಮ. ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಬೇಡವೆಂದು ಹೇಳಿದ್ದವನ ಬಾಯಿಯ ಮಾತನ್ನೇ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡಿದ್ದರು. ಡ್ರೈವರ್ ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಲೆಯ ಟವೆಲನ್ನು ಬಿಚ್ಚಿ ಜಗಲಿ ಒರೆಸತೊಡಗಿದ. ಅಪ್ಪನ ಬಗ್ಗೆ ನಾಚಿಕೆಪಟ್ಟುಕೊಳ್ಳುವುದು ಹೇಗೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಫಿಟ್ಟರ್ ಬಂದ. ಎಣ್ಣೆ ಮಿಲ್ಲಿನ ಹಿಂದೆ ಇನ್ನೊಂದು ಮಿಲಿಟರಿ ಜೀಪು ಅಡಿಯ ಛಾಸಿ ಮುರಿದು ಬಿದ್ದಿತ್ತಂತೆ. ಅದರ ರೇಡಿಯೇಟರನ್ನು ಹೊತ್ತು ತಂದಿದ್ದ. ನಮ್ಮದರ ಮುಂದಿನ ಜಾಲರಿ ಬಿಚ್ಚಿ, ಮೇಲಿನ ಕೆಳಗಿನ ರಬ್ಬರ್ ಪೈಪುಗಳನ್ನು ಕಿತ್ತು, ಹಳೆಯ ರೇಡಿಯೇಟರನ್ನು ನೆಲಕ್ಕಿಳಿಸಿ ತಲೆಕೆಳಗು ಮಾಡಿ ಬಡಿದ. ಬೆಂದ ರಾಗಿ ಹೆಪ್ಪುಹೆಪ್ಪಾಗಿ ಬಿತ್ತು. "ಎವರಯ್ಯಾ ಈ ಸಂಗಟಿ ಚೇಸಿಂದಿ?" ಎಂದು ತೆಲುಗಿನಲ್ಲಿ ಕೂಗಿ, ಈ ಮುದ್ದೆ ಮಾಡಿದವರು ಉಪ್ಪು ಹಾಕಿದ್ದಾರೋ ಇಲ್ಲವೋ ಎಂದು ಡ್ರೈವರನನ್ನೇ ಕೆಣಕಿದ. ಜನ ಮತ್ತೆ ನಕ್ಕರು. ಇಂಜಿನ್ನಿನ ಒಳಗೂ ಹೊಕ್ಕಿದ್ದ ಗಂಜಿಯನ್ನು ತೊಳೆಯಲು ಬೀಗರ ಮನೆಯ ಹೆಂಗಸರು ಸೇದಿಟ್ಟಿದ್ದ ನೀರು ಕೊಡದ ಮೇಲೆ ಕೊಡ ಖಾಲಿಯಾಯಿತು. ಆ ಬೇಸಿಗೆಯಲ್ಲಿ ಅವರ ಬಾವಿಯಲ್ಲಿ ನೀರಿಗಿಂತ ಹಗ್ಗವೇ ಉದ್ದ. ನೀರೆಲ್ಲ ರಾಗಿಬಣ್ಣವಾಗಿ ಚರಂಡಿಗೆ ಹರಿಯುವುದನ್ನು ನೋಡುತ್ತ ನಾನು ಕಂಬದ ಮರೆಯಲ್ಲಿ ನಿಂತಿದ್ದೆ.

ಹೊಸ ರೇಡಿಯೇಟರ್ ಕೂತಿತು. ಪೈಪುಗಳಿಗೆ ತಂತಿ ಬಿಗಿದು, ನೀರು ತುಂಬಿ, ಇಂಜಿನ್ ಓಡಿಸಿ ಕಾದರು. ಒಂದು ಹನಿಯೂ ಸೋರಲಿಲ್ಲ. ಅಕ್ಕ ಹಸಿರು ಸೀರೆ ಉಟ್ಟು, ಮಡಿಲು ತುಂಬಿಸಿಕೊಂಡು, ಜೀಪಿನ ಹತ್ತಿರದವರೆಗೆ ಬಂದಿದ್ದಳು. ಆಗ ಅತ್ತೆ ಹೇಳಿದರು:

"ಗಾಡಿ ಸರಿ ಹೋಯ್ತು, ಸಂತೋಷ. ಆದ್ರೆ ಆ ಮನುಷ್ಯ ಓಡ್ಸೋದಾದ್ರೆ ನಮ್ಮ ಹುಡ್ಗೀನ ಹತ್ತಿಸಲ್ಲ. ಅವನ್ನ ಇಲ್ಲೇ ಕೆಲ್ಸದಿಂದ ಬಿಡಿಸಿ. ಬೇರೆ ಡ್ರೈವರನ್ನ ನಾವೇ ಕೊಡ್ತೀವಿ."

ಅಪ್ಪ ಮತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಡ್ರೈವರ್ ತಾನೇ ಮುಂದೆ ಬಂದ. "ಆಗ್ಲಿ ಸಾವ್ಕಾರ್ರೇ. ನಮ್ಮ ದೊಡ್ಡ ಮಗು ಮನೆ ಸೇರ್ಲಿ. ನಾನು ಬಸ್ಸಿಗೆ ಹೋಯ್ತೀನಿ," ಎಂದು ಮರಳಿ ಕಟ್ಟಿಕೊಂಡಿದ್ದ ಟವೆಲನ್ನು ಬಿಚ್ಚಿ ಕೈ ಒರೆಸಿಕೊಂಡ. ಅದರಲ್ಲಿ ಇನ್ನೂ ಅಂಬಲಿಯ ಕಲೆಯಿತ್ತು.

ನನ್ನಿಂದ ಕನ್ನಡ ಹೊರಡಲಿಲ್ಲ. ಗಂಟಲಿಗೆ ಬಂದದ್ದು ಕಾನ್ವೆಂಟಿನ ಭಾಷೆ. "ಅಪ್ಪಾ, ಇಟ್ಸ್ ನಾಟ್ ಫೇರ್. ಯೂ ಡಿಡ್ ಇಟ್. ಪ್ಲೀಸ್ ಟೆಲ್ ದೆಮ್."

ಅತ್ತೆ ತಿರುಗಿದರು. "ಏನಂತಾಳೆ ಇವ್ಳು?"

ಅಪ್ಪನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಹೋಗಿಬರುತ್ತೇವೆ ಅಂತಾಳೆ ಎಂದು ಹೇಳಿಬಿಡಬಹುದಿತ್ತು. ತಡೆಯುವವರು ಯಾರೂ ಇರಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು.

"ಹಿಟ್ಟು ಹಾಕಿದ್ದು ನಾನು ಅಂತಾಳೆ. ನಿಜ ಕಣಮ್ಮ. ಆತ ಬ್ಯಾಡ ಅಂದ."

ಯಾರೂ ನಗಲಿಲ್ಲ. ಮಾವ ತಲೆ ತಗ್ಗಿಸಿ ಒಳಗೆ ಹೋದರು. ಅತ್ತೆಯ ಧ್ವನಿ ಏರಲೂ ಇಲ್ಲ. "ಗಾಡಿ ಕೆಟ್ರೆ ಇನ್ನೊಂದು ರೇಡಿಯೇಟ್ರು ಸಿಕ್ತದೆ ಬೀಗ್ರೇ. ನೀವಾಡಿದ ಮಾತು ನಂಬ್ಕೊಂಡು ನಾನು ಬಸ್ರಿ ಹೆಂಗ್ಸನ್ನ ಹೆಂಗೆ ಕಳಿಸ್ಲಿ?" ಎಂದು ಅಕ್ಕನ ಮೊಣಕೈ ಹಿಡಿದು ಒಳಕ್ಕೆ ತಿರುಗಿಸಿದರು.

ಅಕ್ಕ ಹೊಸ್ತಿಲಲ್ಲಿ ನಿಂತು ನನ್ನನ್ನು ಕರೆದಳು. ಮಡಿಲಲ್ಲಿದ್ದ ಕೊಬ್ಬರಿ ಬಟ್ಟಲನ್ನು ನನ್ನ ಕೈಗಿಟ್ಟು ಮೆಲ್ಲಗೆ ಅಂದಳು: "ನೀನು ಹೇಳಿದ್ದು ಸರಿಯೇ ಕಣೆ. ನಾನು ಹತ್ತಿ ಕೂತು ಊರು ದಾಟಿದ್ಮೇಲೆ ಹೇಳ್ಬಾರ್ದಾಗಿತ್ತಾ?"

ನಾನು ಆ ಕೊಬ್ಬರಿ ಬಟ್ಟಲು ಹಿಡಿದುಕೊಂಡೇ ಜೀಪಿನ ಹಿಂದಿನ ಸೀಟು ಹತ್ತಿದೆ.

ಹಿಂದಿರುಗುವಾಗ ಡ್ರೈವರ್ ತನ್ನ ಜಾಗದಲ್ಲೇ ಕೂತ. ಅಪ್ಪ ಎಂದಿನಂತೆ ಅವನ ಪಕ್ಕಕ್ಕೆ ಹೋಗಲಿಲ್ಲ. ಹಿಂದೆ, ದಿಂಬುಗಳ ನಡುವೆ, ನನ್ನ ಪಕ್ಕ, ಅಕ್ಕ ಕೂರಬೇಕಿದ್ದ ಕಡೆ ಕೂತರು. ಜೀಪು ಯಾವ ದಿಣ್ಣೆ ಹತ್ತುವಾಗಲೂ ಬಿಸಿಯೇರಲಿಲ್ಲ. ರೊದ್ದಂ ಹತ್ತಿರ ಆ ಗುಡಿಸಲಿನ ಹೆಂಗಸು ರಸ್ತೆಗೇ ಬಂದು ಕೈ ಅಡ್ಡ ಹಿಡಿದಳು.

"ನಮ್ಮ ಹಿಟ್ಟು ಹಿಡೀತಾ ಸಾಮಿ?"

ಅಪ್ಪ ದಿಂಬುಗಳ ಮಧ್ಯದಿಂದ ತಲೆ ಹೊರಗೆ ಹಾಕಿದರು. "ಹಿಡೀತಮ್ಮ. ಗಟ್ಟಿಯಾಗಿ ಹಿಡೀತು."

ಡ್ರೈವರನ ಹೆಗಲು ಸ್ವಲ್ಪ ಕುಲುಕಿದ್ದನ್ನು ಕಂಡೆ. ನಕ್ಕನೋ ಏನೋ, ಹಿಂದಿನಿಂದ ಗೊತ್ತಾಗಲಿಲ್ಲ.

ಮನೆಯ ಮುಂದೆ ಜೀಪು ನಿಂತಾಗ ಅಮ್ಮ ಬಿಸಿನೀರಿನ ಚೊಂಬು ಹಿಡಿದು ಓಡಿ ಬಂದಳು. ದಿಂಬುಗಳ ನಡುವೆ ಅಪ್ಪನನ್ನು ಕಂಡು ಅಲ್ಲೇ ನಿಂತಳು. ಆಮೇಲೆ ದಿಂಬುಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದಳು. ಹೆರಿಗೆಯ ತಿಂಗಳು ಬಂದಾಗ ಅಮ್ಮ ಬಸ್ಸು ಹತ್ತಿ ಹೋಗಿ, ಬೀಗರ ಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಅವರು ಬಡಿಸಿದಷ್ಟು ಉಂಡು, ಅವರ ಒಲೆಯಲ್ಲೇ ಮಗಳಿಗೆ ಬಾಣಂತನ ಮಾಡಿದಳು. ಹೆಣ್ಣು ಕೊಟ್ಟವರಿಗೆ ಅದಕ್ಕಿಂತ ತಲೆತಗ್ಗಿಸುವಂಥದ್ದು ಬೇರೆ ಇರಲಿಲ್ಲ. ಹೋಗುವಾಗ ಒಂದೇ ಒಂದು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು. ಜೀಪಿನಲ್ಲಿ ಬಿಟ್ಟು ಬರುತ್ತೇನೆಂದು ಅಪ್ಪ ಹೇಳಿದ್ದಕ್ಕೆ, "ಬ್ಯಾಡ," ಎಂದಳು, ಅಷ್ಟೆ.