ಮದುಮಗಳ ಸಾಮಾನಿನ ಮೊದಲ ಲಾರಿ

ಮಹಲ್ಲಾ ಪಟ್ಟಣದಲ್ಲಿ ಮದುವೆ ಸಾಮಾನಿನ ಅಂಗಡಿ ಹಾಜಿ ಮಿತ್ವಲ್ಲಿಯದು; ಅದರ ತಲೆ ಮಾತ್ರ ಇನ್‌ಶಿರಾಹ್‌ಳದು. ಗಂಡ ತೀರಿಕೊಂಡ ಮೇಲೆ ಅಲ್ಲಿ ಕೆಲಸಕ್ಕೆ ನಿಂತವಳು. ಒಳಗೆ ಬಂದ ಹೆಂಗಸಿನ ಕಣ್ಣು ಎಲ್ಲಿ ನೆಟ್ಟಿತೆಂದು ನೋಡಿ, ಆಕೆ ಏನು ಕೊಳ್ಳುತ್ತಾಳೆಂದು ಹೇಳಿಬಿಡುತ್ತಿದ್ದಳು. ಹಾಜಿಗೆ ಇಷ್ಟು ವರ್ಷವಾದರೂ ಆ ವಿದ್ಯೆ ಹತ್ತಲಿಲ್ಲ.

ಈ ಸಲದ ಮದುವೆ ಕಾಲದಲ್ಲಿ ವ್ಯಾಪಾರ ನೆಲಕಚ್ಚಿತ್ತು. ಊರ ತುಂಬ ಜಾಹೀರಾತು ಹಾಕಿಸೋಣವೇ ಎಂದು ಹಾಜಿ ಕೇಳಿದ.

"ದುಡ್ಡು ದಂಡ, ಹಾಜಿ. ನಮ್ಮ ಹೆಂಗಸ್ರು ಅಂಗಡೀಲಿ ತೀರ್ಮಾನ ಮಾಡ್ತಾರಾ? ಬಾಲ್ಕನೀಲಿ ಮಾಡ್ತಾರೆ. ಪಕ್ಕದ್ಮನೆ ಹುಡುಗಿ ಸಾಮಾನು ಗಂಡನ ಮನೆಗೆ ಹೋಗುವಾಗ ಲಾರೀಲಿ ಏನೇನಿತ್ತೋ, ಅದಕ್ಕಿಂತ ಒಂದು ಹೆಚ್ಚು ಬೇಕು. ಈ ಸಲದ ಮೊದಲನೇ ಲಾರಿ ನಮ್ಮದಾಗ್ಲಿ. ಹೊದಿಕೆ ಬೇಡ, ಎಲ್ಲಾ ಕಾಣ್ಬೇಕು. ಇನ್ನೊಂದು ಲಾರಿ ಬರೋ ತನಕ ಬೀದಿಗೆ ಅದೇ ಧ್ಯಾನ."

"ಮೊದಲು ಯಾರ ಮದ್ವೆ ಇರೋದು?"

ಇನ್‌ಶಿರಾಹ್ ದನಿ ತಗ್ಗಿಸಿದಳು. "ನನ್ನ ಮಗಳು ರೌದಾಳದೇ."

"ಇನ್ನೇನು ಮತ್ತೆ! ಫ್ರಿಜ್ ನನ್ನ ಕಡೆಯಿಂದ ಉಡುಗೊರೆ, ತಗೋ."

ದೃಷ್ಟಿಗೆ ಹೆದರಿ ಮಗಳ ಹೊಸ ಲಂಗವನ್ನೂ ಒಳಗೇ ಒಣಹಾಕುತ್ತಿದ್ದ ತಾಯಿ ಆಕೆ. ಆದರೂ ಒಪ್ಪಿದಳು. ಫ್ರಿಜ್ಜಿನ ಆಸೆಯೂ ಇತ್ತು, ಸುಳ್ಳೇಕೆ?

ಡೋಲು ಬಡಿಯುತ್ತ ಲಾರಿ ಹೊರಟಿತು. ಗಾಜಿನ ಬಟ್ಟಲು, ಕಂಬಳಿ, ಹಾಸಿಗೆ, ಎಲ್ಲವೂ ಬಿಸಿಲಿಗೆ ಹೊಳೆದವು. ಬಾಲ್ಕನಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರು ಮನೆಯ ತಫೀದಾ ಎಲ್ಲವನ್ನೂ ಕಣ್ತುಂಬ ನೋಡಿ, ದೃಷ್ಟಿ ತಾಗದಿರಲೆಂದು ಬಾಯಿಮಾತಿಗೂ "ಮಾಷಾಲ್ಲಾ" ಎನ್ನದೆ ಒಳಗೆ ಹೋದಳು. ಇನ್‌ಶಿರಾಹ್‌ಳ ಕಣ್ಣು ಆ ಬಾಗಿಲಲ್ಲೇ ನೆಟ್ಟಿತು.

ಸಂಜೆಗೆ ರೌದಾಳ ಮೈ ಕೆಂಡವಾಯಿತು. "ಊರಲ್ಲೆಲ್ಲ ಇರೋ ಜ್ವರ ಕಣಮ್ಮ" ಎಂದು ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿಸಿ, ಧೂಪ ಹಾಕಿ, ಇನ್‌ಶಿರಾಹ್ ದೃಷ್ಟಿ ತೆಗೆಯಲು ಕಾಗದದ ಗೊಂಬೆ ಕತ್ತರಿಸಿದಳು. ನೋಡಿದವರ ಹೆಸರು ಹೇಳಿ ಒಂದೊಂದಕ್ಕೂ ಸೂಜಿ ಚುಚ್ಚಬೇಕು, ಆಮೇಲೆ ಸುಡಬೇಕು. ತಫೀದಾಳ ಕಣ್ಣಿಗೆ ಚುಚ್ಚಿದಳು, ಆಕೆಯ ಸೊಸೆಯ ಕಣ್ಣಿಗೆ ಚುಚ್ಚಿದಳು. ಗೊಂಬೆ ಜರಡಿಯಾಯಿತು, ಹೆಸರು ಮುಗಿಯಲಿಲ್ಲ. ಇಡೀ ಬೀದಿಯನ್ನು ನಿಲ್ಲಿಸಿ ನೋಡಿಸಿದವಳು ತಾನೇ ಅಲ್ಲವೇ?

ಅಂಗಡಿಯಲ್ಲೋ ಜಾತ್ರೆ. "ರೌದಾಳದ್ದೇ ಸೆಟ್ ಕೊಡಿ" ಎಂದು ಬಂದವರೆಲ್ಲ ಕೇಳುತ್ತಿದ್ದರು. ಮಗಳ ಹೆಸರು ಬಂದಾಗಲೆಲ್ಲ ತಾಯಿ ಬೆಚ್ಚಿಬೀಳುತ್ತಿದ್ದಳು. ಹಾಜಿ ಮೀಸೆಯಲ್ಲೇ ನಗುತ್ತಿದ್ದ. ಮನೆಯಲ್ಲಿ ಜ್ವರ ಇಳಿಯಲೊಲ್ಲದು, ರೌದಾ ಈಗ ನೀರನ್ನೂ ಕಕ್ಕುತ್ತಿದ್ದಳು.

ಹಾಜಿ ನಮಾಜಿಗೆ ಹೋಗಿದ್ದಾಗ ಹೊಲಿಗೆಯ ಬಹಿಯಾ ಬಂದಳು. ಮಗಳ ಮದುವೆಗೆ ಸಾಮಾನೆಲ್ಲ ಆರಿಸಿಟ್ಟು ಹತ್ತಿರ ಸರಿದಳು.

"ರೌದಾಳ ಅಮ್ಮಾ, ಅಕ್ಕ ಅಂದ್ಕೊಂಡು ಕೇಳ್ತಿದೀನಿ. ಲಾರಿ ಮುಚ್ಕೊಂಡು ಹೋಗ್ಲಾ, ತೆರೆದೇ ಹೋಗ್ಲಾ? ಇರೋಳು ಒಬ್ಳೇ ಮಗಳು. ನಂಗೆ ಭಯ."

ಮುಚ್ಚು ತಾಯಿ, ಕಂಬಳಿ ಮೇಲೆ ಕಂಬಳಿ ಹೊದಿಸು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೊಸ ಲಾರಿ ಬಂದರೆ ಬೀದಿಯ ಕಣ್ಣು ಅತ್ತ ತಿರುಗುತ್ತದೆ. ರೌದಾಳನ್ನು ಬಿಡುತ್ತದೆ.

"ತೆರೆದೇ ಹೋಗು ತಂಗಿ" ಎಂದಳು ಇನ್‌ಶಿರಾಹ್. "ತಡ ಮಾಡ್ಬೇಡ. ನಾಳೇನೇ ಹೋಗು."

ಬಹಿಯಾಳ ಮುಖ ಅರಳಿತು. ಇನ್‌ಶಿರಾಹ್‌ಳ ಕೈಯನ್ನು ತುಟಿಗೊತ್ತಿಕೊಂಡು, "ದೇವರು ನಿನ್ನ ಮಗಳನ್ನ ಕಾಪಾಡ್ಲಿ ಅಕ್ಕಾ" ಎಂದಳು.

ಬಹಿಯಾಳ ಮಗಳ ಹೆಸರೇನೆಂದು ಕೇಳುವ ಧೈರ್ಯ ಇನ್‌ಶಿರಾಹ್‌ಗೆ ಬರಲಿಲ್ಲ. ತಲೆತಗ್ಗಿಸಿ ಸಾಮಾನು ಕಟ್ಟತೊಡಗಿದಳು.