ಸ್ಟುಡಿಯೋ ಅಕ್ಕನ ಉದ್ದ ಲೆನ್ಸು

ಅವರ ಕತ್ತಿನ ಎಡಗಡೆ ಬೆರಳಗಲದ ಒಂದು ಕಪ್ಪು ಗೆರೆಯಿತ್ತು. ಕ್ಯಾಮೆರಾದ ಪಟ್ಟಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೂಡಿಸಿದ ಗೆರೆ. ಕಡಲೆಹಿಟ್ಟು ಹಚ್ಚಿಕೊಳ್ಳಿ, ಹೋಗುತ್ತೆ ಎಂದು ನಮ್ಮಮ್ಮ ಹೇಳಿದರೆ, "ಹೋಗಿ ಏನ್ ಮಾಡ್ಬೇಕು? ಇರ್ಲಿ ಬಿಡಿ, ಬಾಡಿಗೆ ಏನೂ ಕೇಳಲ್ಲ" ಎಂದು ನಗುತ್ತಿದ್ದರು.

ಅರಸೀಕೆರೆಯ ಸ್ಟೇಷನ್ ಹತ್ತಿರ ನಮ್ಮಪ್ಪನ ಕೊಬ್ಬರಿ ಅಂಗಡಿಗೆ ಅಂಟಿಕೊಂಡೇ ಅವರ ಸ್ಟುಡಿಯೋ. ಹಾಲು ಹಾಕುವವನಿಂದ ಹಿಡಿದು ಪಾಸ್‌ಪೋರ್ಟ್ ಫೋಟೋಗೆ ಬರುವ ಮೇಷ್ಟ್ರ ತನಕ ಎಲ್ಲರಿಗೂ ಅವರು ಸ್ಟುಡಿಯೋ ಅಕ್ಕ. ಸ್ಟುಡಿಯೋ ಶುರುಮಾಡಿದ್ದು ಅವರ ಗಂಡ. ಆತ ತೀರಿಕೊಂಡಾಗ ಅಕ್ಕನಿಗೆ ಮೂವತ್ತು ತುಂಬಿರಲಿಲ್ಲ. ಅಂಗಡಿ ಮುಚ್ಚಿಬಿಡು ಎಂದು ಬುದ್ಧಿ ಹೇಳಲು ಬಂದ ನೆಂಟರನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ, ಒಬ್ಬೊಬ್ಬರದೂ ಫೋಟೋ ತೆಗೆದು, ಕಾಫಿ ಕುಡಿಸಿ ಕಳಿಸಿದರಂತೆ. ಫೋಟೋ ಚೆನ್ನಾಗಿ ಬಂದಿದ್ದರಿಂದ ಯಾರೂ ಮತ್ತೆ ಆ ಮಾತು ಎತ್ತಲಿಲ್ಲ.

ಗಂಡ ಬಿಟ್ಟುಹೋದ ನಾಲ್ಕು ಲೆನ್ಸುಗಳನ್ನು ಅಕ್ಕ ಸ್ಟೀಲ್ ಡಬ್ಬಿಗಳಲ್ಲಿ ಇಡುತ್ತಿದ್ದರು. ಬೂಷ್ಟು ಹಿಡಿಯಬಾರದೆಂದು ಒಳಗೆ ಸೀಮೆಸುಣ್ಣದ ತುಂಡುಗಳು. ಕೋಡುಬಳೆ ಇರಬಹುದೆಂದು ಮುಚ್ಚಳ ತೆಗೆದು ಪೆಚ್ಚಾದವರಲ್ಲಿ ನಾನೂ ಒಬ್ಬಳು.

ಬಿ.ಕಾಂ. ಮುಗಿಸಿದ ಮೇಲೆ, ಲೆಕ್ಕ ಬರೆಯುವುದು ನನ್ನಿಂದಾಗದು, ಫೋಟೋ ಕಲಿಯುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವರೇ ಅಕ್ಕನ ಹತ್ತಿರ ಹೋಗಿ, "ಇದರ ಕೈಲಿ ಏನಾಗುತ್ತೋ ನೋಡ್ರಮ್ಮ" ಎಂದು ನನ್ನನ್ನು ಒಪ್ಪಿಸಿ ಬಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಎಚ್ಚರಿಕೆಯನ್ನೂ ಕೊಟ್ಟಿದ್ದರಂತೆ.

ಮೊದಲ ಪಾಠ ಹಳೇಬೀಡಿನಲ್ಲಿ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಅಕ್ಕ ನನ್ನನ್ನು ದೊಡ್ಡ ಬಸವಣ್ಣನ ಮುಂದೆ ನಿಲ್ಲಿಸಿ ಕ್ಯಾಮೆರಾಕ್ಕೆ ಗಿಡ್ಡ ಲೆನ್ಸು ಹಾಕಿಕೊಟ್ಟರು. ವೈಡ್ ಎನ್ನುತ್ತಾರಲ್ಲ, ಅದು. ಹತ್ತಿರದಿಂದ ತೆಗೆದೆ. ಬಸವಣ್ಣನ ಮೂತಿಯೇ ಫೋಟೋ ತುಂಬ, ಮೈ ಎಲ್ಲೋ ಹಿಂದಕ್ಕೆ ಓಡಿಹೋಗಿತ್ತು. ಆಮೇಲೆ ಅಷ್ಟು ದೂರ ನಡೆಸಿಕೊಂಡು ಹೋಗಿ ಉದ್ದದ್ದು, ಟೆಲಿ, ಹಾಕಿಸಿದರು. ಈಗ ಮೂತಿ, ಕೊರಳ ಸರ, ಬೆನ್ನು ಎಲ್ಲ ಬಸ್ಸಿನ ಸೀಟಿನಲ್ಲಿ ಮೂರು ಜನ ಕೂತಂತೆ ಒತ್ತಿಕೊಂಡಿದ್ದವು. ನಡುವಿನ ದೂರದಿಂದ ಫಿಫ್ಟಿ, ಅಂದರೆ ಐವತ್ತು ಎಂಎಂನ ಲೆನ್ಸು, ಹಾಕಿ ತೆಗೆದಾಗ ಮಾತ್ರ ನನ್ನ ಕಣ್ಣಿಗೆ ಕಂಡ ಬಸವಣ್ಣನೇ ಬಂದ. ನಾಲ್ಕನೆಯದು ಮ್ಯಾಕ್ರೋ, ಚಿಕ್ಕದನ್ನು ದೊಡ್ಡದಾಗಿ ತೋರಿಸುವಂಥದ್ದು. ಅದನ್ನು ಹಾಕಿಕೊಂಡು, ಗೋಡೆಯ ಬುಡದ ಆನೆ ಸಾಲಿನಲ್ಲಿ ಒಂದಾನೆಯ ಕೊರಳಿನ ಗೆಜ್ಜೆ ಹುಡುಕುತ್ತ ಅರ್ಧ ಗಂಟೆ ಕೂತೆ.

"ಲೆನ್ಸು ದೂರದ್ದನ್ನ ಹತ್ತಿರ ತರುತ್ತೆ ಅಂತಾರೆ. ಅಷ್ಟೇ ಅಲ್ಲ ಕಣೇ," ಎಂದರು ಅಕ್ಕ, ಬುತ್ತಿ ಬಿಚ್ಚುತ್ತ. "ನೀನು ಎಲ್ಲಿ ನಿಂತು ನೋಡ್ದೆ ಅನ್ನೋದನ್ನ ಫೋಟೋ ಊರಿಗೆಲ್ಲ ಹೇಳಿಬಿಡುತ್ತೆ. ಎಲ್ಲಿ ನಿಲ್ಬೇಕು ಅಂತ ಮೊದ್ಲು ನೋಡ್ಕೊ. ಆಮೇಲೆ ಡಬ್ಬಿ ತೆಗಿ."

ನನಗೆ ಅದು ಅರ್ಥವಾಯಿತು ಎಂದುಕೊಂಡೆ. ಬಾಣಾವರದಲ್ಲಿ ಒಬ್ಬಳೇ ತೆಗೆದ ಮೊದಲ ಸೀಮಂತದಲ್ಲೇ ನನ್ನ ಜಾಣತನ ಬಯಲಾಯಿತು. ಇಕ್ಕಟ್ಟಾದ ಹಜಾರದಲ್ಲಿ ಎಲ್ಲರೂ ಹಿಡಿಸಲೆಂದು ವೈಡ್ ಹಾಕಿದೆ. ಬಸುರಿ ಹುಡುಗಿಯ ಅತ್ತೆ ಅಂಚಿನಲ್ಲಿ ಕೂತಿದ್ದರು, ಅವರ ಮುಖ ಅಡ್ಡಡ್ಡಕ್ಕೆ ಎಳೆದುಹೋಗಿತ್ತು. ಆಕೆ ಆಲ್ಬಮ್ ಹಿಡಿದುಕೊಂಡು ಸ್ಟುಡಿಯೋಗೇ ಬಂದರು. "ಏನಮ್ಮ ಇದು, ನನ್ ಮುಖಾನ ಹಂಡೆ ಮಾಡಿದೀರಾ!" ಅಕ್ಕ ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು, ಆಕೆಯನ್ನು ಕೂರಿಸಿ, ತಾವೇ ಒಂದು ಫೋಟೋ ತೆಗೆದುಕೊಟ್ಟು ಸಮಾಧಾನ ಮಾಡಿದರು. ಆಕೆ ಹೋದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ವೈಡ್ ಹಾಕಿದಾಗ ಅಂಚಿಗೆ ಕಂಬ ಬಿಡು, ಬಾಗ್ಲು ಬಿಡು. ಮನುಷ್ಯರನ್ನ ಬಿಡಬೇಡ."

ಮದುವೆಗಳಲ್ಲಿ ಅಕ್ಕನದು ಒಂದೇ ಪದ್ಧತಿ. ವೇದಿಕೆಯ ಮೇಲೆ ಬೇರೊಬ್ಬ ಫೋಟೋಗ್ರಾಫರನ್ನು ನಿಲ್ಲಿಸಿ, ತಾವು ಉದ್ದ ಲೆನ್ಸು ಹಾಕಿಕೊಂಡು ಕೊನೆಯ ಸಾಲಿನ ಕುರ್ಚಿಗಳ ಹಿಂದೆ ನಿಲ್ಲುತ್ತಿದ್ದರು. ಅಲ್ಲಿಂದ ಅವರು ತೆಗೆದ ಒಂದು ಧಾರೆಯ ಚಿತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗಳ ಕೈಮೇಲೆ ತಾಯಿ ನೀರು ಬಿಡುತ್ತಿದ್ದಾಳೆ. ಅವಳ ಮೊಣಕೈ ನಡುಗದಂತೆ ತಂದೆ ಹಿಂದಿನಿಂದ ಎರಡೇ ಬೆರಳು ಕೊಟ್ಟಿದ್ದಾನೆ. ವೇದಿಕೆಯ ಮೇಲಿದ್ದ ಯಾರೂ ಅದನ್ನು ನೋಡಿರಲಿಲ್ಲ. ದೂರ ನಿಲ್ಲುವುದು ಅಕ್ಕನ ಕಲೆ ಎಂದೇ ನಾನು ಎರಡು ವರ್ಷ ನಂಬಿದ್ದೆ.

ಬೇಲೂರಿನ ಒಂದು ಮದುವೆಯಲ್ಲಿ ನಂಬಿಕೆ ಒಡೆಯಿತು. ವೇದಿಕೆಯ ಮೇಲಿದ್ದವನ ಕ್ಯಾಮೆರಾ ಕೆಟ್ಟಿತು. ನಾನು ಊಟದ ಹಾಲ್‌ನಲ್ಲಿದ್ದೆ. ಬೇರೆ ದಾರಿಯಿಲ್ಲದೆ ಅಕ್ಕ ಮೆಟ್ಟಿಲು ಹತ್ತಿದರು. ನಾನು ಓಡಿಬರುವಷ್ಟರಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರು ಮೆಲ್ಲಗೆ, ತುಂಬ ಮೆಲ್ಲಗೆ, ಹೇಳುತ್ತಿದ್ದರು: "ಮುಹೂರ್ತದ ಹೊತ್ತು ಕಣಮ್ಮ. ಮುತ್ತೈದೆರು ಮುಂದಿರ್ಲಿ. ನೀವು ಒಸಿ ಹಿಂದಕ್ಕೆ ಹೋಗಿ." ಅಕ್ಕ ಆಗಲೇ ಇಳಿಯುತ್ತಿದ್ದರು. ಎಷ್ಟೋ ಸಲ ಇಳಿದು ಅಭ್ಯಾಸವಾದವರ ಹಾಗೆ ಇಳಿದರು. ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಹೊರಟ ನನ್ನ ರಟ್ಟೆಯನ್ನು ಅಕ್ಕ ಹಿಡಿದು, "ಬಿಡು ಕಣೇ. ನಂಗೆ ಹಿಂದಿನಿಂದಾನೇ ಚೆನ್ನಾಗಿ ಕಾಣೋದು," ಎಂದರು.

ಮಾರನೆಯ ವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ಬಿಕ್ಕೋಡಿನವರು, ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕೆಲಸ. ನನ್ನದು ಒಂದೇ ಶರತ್ತು: ಅಕ್ಕ ವೇದಿಕೆಯ ಮೇಲೆ, ನನ್ನ ಎದುರಿಗೆ, ಫಿಫ್ಟಿ ಹಾಕಿಕೊಂಡು ನಿಂತು ಫೋಟೋ ತೆಗೆಯಬೇಕು. ಫಿಫ್ಟಿಯಲ್ಲಿ ಮುಖ ತುಂಬ ಬರಬೇಕಾದರೆ ಎರಡು ಮಾರಿನೊಳಗೆ ಬರಲೇಬೇಕು. ಅಡ್ಡ ನಿಂತದ್ದು ಯಾರೋ ನೆಂಟರಲ್ಲ, ನಮ್ಮಮ್ಮನೇ. ಹಬ್ಬದ ದಿನ ಅಕ್ಕನಿಗೆ ಒಬ್ಬಟ್ಟು ಕೊಡದೆ ತಾನು ತಿನ್ನದ ನಮ್ಮಮ್ಮ. "ನಂಗೇನೂ ಇಲ್ಲ ಕಣೇ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ಅವ್ರನ್ನೇ ಅಂತಾರಲ್ಲ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಊಟ ಬಿಟ್ಟೆ. ಅಕ್ಕನೇ ಬಂದು ಜಗಳ ಮುಗಿಸಿದರು. "ನಿಮ್ಮಮ್ಮನ್ನ ನೋಯಿಸ್ಬೇಡ. ನಾನು ಉದ್ದದ್ದು ತತ್ತೀನಿ. ನಿನ್ ರೆಪ್ಪೆ ಅಲ್ಲಾಡಿದ್ರೂ ಬಿಡಲ್ಲ, ನೋಡ್ತಿರು."

ನಾನು ಸುಮ್ಮನಾದೆ. ಸುಮ್ಮನಾದಂತೆ ನಟಿಸಿದೆ. ಮದುವೆಯ ಬೆಳಿಗ್ಗೆ ಬೇಲೂರಿನ ಕಲ್ಯಾಣ ಮಂಟಪದಲ್ಲಿ ಅಕ್ಕ ತಮ್ಮ ಚೀಲವನ್ನು ನನ್ನ ಕೋಣೆಯಲ್ಲಿಟ್ಟು ತಿಂಡಿಗೆ ಹೋದಾಗ, ಉದ್ದ ಲೆನ್ಸನ್ನು ಡಬ್ಬಿಯಿಂದ ತೆಗೆದು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟೆ. ಅವತ್ತು ಅಕ್ಕ ತಂದದ್ದೇ ಎರಡು ಲೆನ್ಸು, ಚೀಲದಲ್ಲಿ ಉಳಿದದ್ದು ಫಿಫ್ಟಿ ಒಂದೇ. ಇನ್ನು ಹತ್ತಿರ ಬರದೆ ಏನು ಮಾಡುತ್ತಾರೆ ಎಂದು ಹೂ ಮುಡಿಸಿಕೊಳ್ಳುತ್ತ ಒಳಗೊಳಗೇ ಬೀಗಿದೆ.

ಅಂತರಪಟ ಸರಿಯಿತು. ನಾನು ಗಂಡನ ಮುಖ ನೋಡಬೇಕಾದ ಹೊತ್ತಿನಲ್ಲಿ ಸಭೆಯ ಕೊನೆಗೆ ನೋಡುತ್ತಿದ್ದೆ. ಅಕ್ಕ ಅಲ್ಲೇ ನಿಂತಿದ್ದರು. ಕ್ಯಾಮೆರಾ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಒಂದು ಹೆಜ್ಜೆಯೂ ಮುಂದಿಡಲಿಲ್ಲ. ತಾಳಿ ಕಟ್ಟುವಾಗ ವಾಲಗದವರು ಜೋರಾಗಿ ಬಾರಿಸಿದರು, ಎಲ್ಲರೂ ಎದ್ದು ನಿಂತು ಅಕ್ಷತೆ ಎರಚಿದರು, ಅಕ್ಕ ಜನರ ಬೆನ್ನಿನ ಹಿಂದೆ ಮರೆಯಾದರು. ಅಕ್ಕ ಆಗ ತೆಗೆದ ಚಿತ್ರ ನನ್ನ ಹತ್ತಿರ ಇದೆ. ತಲೆಗಳು, ತುರುಬುಗಳು, ಎತ್ತಿದ ಕೈಗಳು. ಎಲ್ಲೋ ತುದಿಯಲ್ಲಿ ಬೆರಳಿನ ಉಗುರಿನಷ್ಟು ನಾನು. ನನ್ನ ರೆಪ್ಪೆ ಇರಲಿ, ಮುಖವೇ ಅದರಲ್ಲಿಲ್ಲ.

ಸಂಜೆ ಲೆನ್ಸನ್ನು ಅವರ ಕೈಗಿಟ್ಟು, "ನೀವು ಹತ್ತಿರ ಬರ್ಲಿ ಅಂತ ಮಾಡಿದೆ ಅಕ್ಕ," ಎಂದೆ. ಅವರು ಸೆರಗಿನ ತುದಿಯಿಂದ ಅದರ ಗಾಜನ್ನು ಒರೆಸಿದರು. ಬೈಯಲಿಲ್ಲ. "ಹಿಂದೆ ನಿಲ್ಲು ಅಂತ ಅವ್ರು ಅಂತಾರೆ. ಮುಂದೆ ನಿಲ್ಲು ಅಂತ ನೀನಂದೆ. ನಂಗೆಲ್ಲಿ ನಿಲ್ಬೇಕು ಅನ್ಸುತ್ತೆ ಅಂತ ಯಾರೂ ಕೇಳ್ಲಿಲ್ವಲ್ಲೇ," ಎಂದರು. ಲೆನ್ಸನ್ನು ಡಬ್ಬಿಗೆ ಹಾಕುತ್ತ, "ನಿನ್ ಮುಖ ನೋಡ್ಬೇಕು ಅಂತ ಆಸೆ ಇತ್ತು. ಇದಿದ್ದಿದ್ರೆ ಕಾಣೋದು," ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಗಂಡನ ಮನೆಗೆ ಹೋಗುವ ಅಳು ಎಂದು ಎಲ್ಲರೂ ಸಮಾಧಾನ ಮಾಡಿದರು. ಜನ ಇಷ್ಟು ದಿನ ದೂರ ತಳ್ಳಿದ್ದರೂ ಅಕ್ಕನ ಕೈಲಿ ಹತ್ತಿರ ಹೋಗುವ ಒಂದು ದಾರಿ ಇತ್ತು. ಅದನ್ನೂ ಕಿತ್ತುಕೊಂಡವಳು, ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತೇನೆ ಎಂದುಕೊಂಡಿದ್ದ ನಾನೇ.

ಎರಡು ವರ್ಷದ ಮೇಲೆ ಮಗಳಿಗೆ ಹೆಸರಿಡುವ ದಿನ ಅಕ್ಕ ಬಂದರು. ಎಲ್ಲಿ ನಿಲ್ಲಬೇಕೆಂದು ಈ ಸಲ ನಾನು ಹೇಳಲು ಹೋಗಲಿಲ್ಲ. ಅವರು ಬಾಗಿಲ ಹತ್ತಿರ ನಿಂತು ಉದ್ದದ್ದರಲ್ಲಿ ನಾಲ್ಕು ಚಿತ್ರ ತೆಗೆದರು. ಆಮೇಲೆ ನಮ್ಮಮ್ಮ ತೊಟ್ಟಿಲ ಪಕ್ಕದಲ್ಲಿ ತಾನು ಕೂತಿದ್ದ ಚಾಪೆಯ ಮೇಲೆ ಸ್ವಲ್ಪ ಸರಿದು ಕೂತಳು. ಬನ್ನಿ ಎನ್ನಲಿಲ್ಲ, ಜಾಗ ಮಾತ್ರ ಮಾಡಿದಳು. ಅಕ್ಕ ಒಂದು ಗಳಿಗೆ ಅದನ್ನು ನೋಡಿದರು. ಉದ್ದದ್ದನ್ನು ಬಿಚ್ಚಿ ಫಿಫ್ಟಿ ತಿರುಗಿಸಿಕೊಂಡು, ಬಂದು ಕೂತರು. ಅಷ್ಟು ಹತ್ತಿರ ಕೂತು ಅವರು ಶುಭಕಾರ್ಯದ ಫೋಟೋ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಹೆಚ್ಚು ನರಳಲಿಲ್ಲ. ಡಬ್ಬಿಗಳು ನನಗೆ ಬಂದವು. ಈಗ ನಾನು ಮದುವೆಗಳಿಗೆ ಹೋದಾಗ, ವೇದಿಕೆಗೆ ಹತ್ತುವ ಮುಂಚೆ ಸಭೆಯನ್ನೊಮ್ಮೆ ಹಿಂದಿನಿಂದ ನೋಡುತ್ತೇನೆ. ಕಂಬದ ಮರೆಯಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಮುಂದಕ್ಕೆ ಕರೆಯುವುದಿಲ್ಲ. ಅವರಿದ್ದಲ್ಲಿಗೇ ಹೋಗಿ, "ನಿಮ್ದೊಂದು ಫೋಟೋ ತೆಗೀಲಾ?" ಎಂದು ಕೇಳುತ್ತೇನೆ. ಬೇಡವೆಂದರೆ ಬಿಟ್ಟು ಬರುತ್ತೇನೆ.

ಮೊನ್ನೆ ಅರೇಹಳ್ಳಿಯಲ್ಲಿ ಬರಿಗೈಯ, ಬರಿಹಣೆಯ ಒಬ್ಬರು ಗೋಡೆಗೆ ಒರಗಿ ನಿಂತಿದ್ದರು. ಮದುಮಗನ ತಾಯಿಯಂತೆ. ಕೇಳಿದೆ. "ನಂದ್ಯಾಕವ್ವ ಇವತ್ತು," ಎಂದರು. ನಾನು ಹೊರಳಿ ಎರಡು ಹೆಜ್ಜೆ ಇಟ್ಟಿದ್ದೆ.

"ಇಲ್ನೋಡವ್ವ," ಎಂದು ಕರೆದರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದರು.